ರಕ್ತದಲ್ಲಿ ಅಧಿಕ ಕೊಲೆಸ್ಟ್ರಾಲ್: ಅರ್ಥ, ಕಾರಣಗಳು ಮತ್ತು ಲಭ್ಯವಿರುವ ಸೇವೆಗಳು (ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರಗಳಲ್ಲಿ ಜನವಸತಿಯು ಅಡಿಕೆ ತೋಟ, ಗದ್ದೆ ಮತ್ತು ಅರಣ್ಯಗಳ ನಡುವೆ ಚದುರಿಕೊಂಡಿರುತ್ತದೆ. ಹೃದಯಾಘಾತಕ್ಕೆ ಒಳಗಾದವರನ್ನು ಹೆಚ್ಚಿನ ಚಿಕಿತ್ಸೆಗಾಗಿ ಹುಬ್ಬಳ್ಳಿ, ಶಿವಮೊಗ್ಗ, ಮಣಿಪಾಲ ಅಥವಾ ಮಂಗಳೂರಿಗೆ ಕರೆದೊಯ್ಯುವುದು ಇಲ್ಲಿನ ರೂಢಿ. ಹುಬ್ಬಳ್ಳಿಯು ಯಲ್ಲಾಪುರದಿಂದ ಸುಮಾರು 70 ಕಿ.ಮೀ., ಶಿರಸಿಯಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಮಳೆಗಾಲದಲ್ಲಿ ಈ ದೂರವು ಇನ್ನಷ್ಟು ದೀರ್ಘವಾಗುತ್ತದೆ. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ ಹಾಗೂ ಅರಬೈಲ್ ಘಟ್ಟ ಪ್ರದೇಶದಲ್ಲಿ ಗುಡ್ಡ ಕುಸಿದು ಸಂಚಾರವು ಕಡಿತಗೊಂಡಿದ್ದನ್ನು ಸಾರ್ವಜನಿಕರು ಬಲ್ಲರು.

ಹೃದಯಾಘಾತದಲ್ಲಿ ಪ್ರತಿ ನಿಮಿಷವೂ ಅಮೂಲ್ಯ. ಆದುದರಿಂದ ಆಸ್ಪತ್ರೆಯಿಂದ ದೂರದಲ್ಲಿರುವವರಿಗೆ, ರೋಗ ಬಂದ ನಂತರದ ಚಿಕಿತ್ಸೆಗಿಂತ ರೋಗಕ್ಕೆ ದಾರಿಮಾಡುವ ಕಾರಣವನ್ನು ಮೊದಲೇ ಅರಿತುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಅಂತಹ ಮುಖ್ಯ ಕಾರಣಗಳಲ್ಲಿ ರಕ್ತದಲ್ಲಿನ ಅಧಿಕ ಕೊಲೆಸ್ಟ್ರಾಲ್ ಒಂದು. ಇದು ನೋವು, ಆಯಾಸ, ತಲೆಸುತ್ತು ಮುಂತಾದ ಯಾವ ಸೂಚನೆಯನ್ನೂ ನೀಡದೆ ವರ್ಷಗಟ್ಟಲೆ ಮುಂದುವರಿಯುತ್ತದೆ. ರಕ್ತ ಪರೀಕ್ಷೆಯೊಂದೇ ಇದನ್ನು ತಿಳಿಯುವ ಖಚಿತ ಮಾರ್ಗವಾಗಿದೆ.

1. ಕೊಲೆಸ್ಟ್ರಾಲ್ ಎಂದರೇನು?

ಕೊಲೆಸ್ಟ್ರಾಲ್ ಮೇಣದಂತಹ ಒಂದು ಕೊಬ್ಬಿನ ಪದಾರ್ಥ. ಜೀವಕೋಶಗಳ ಹೊರಪದರ, ಕೆಲವು ಹಾರ್ಮೋನುಗಳು, 'ಡಿ' ಜೀವಸತ್ವ ಹಾಗೂ ಪಿತ್ತರಸದ ತಯಾರಿಕೆಗೆ ಇದು ಅವಶ್ಯಕ. ದೇಹಕ್ಕೆ ಬೇಕಾದ ಕೊಲೆಸ್ಟ್ರಾಲಿನ ಬಹುಭಾಗವನ್ನು ದೇಹವೇ, ಮುಖ್ಯವಾಗಿ ಯಕೃತ್ತು (ಪಿತ್ತಜನಕಾಂಗ), ತಯಾರಿಸಿಕೊಳ್ಳುತ್ತದೆ. ಉಳಿದುದು ಹಾಲು, ತುಪ್ಪ, ಮೊಟ್ಟೆ, ಮಾಂಸ ಮೊದಲಾದ ಪ್ರಾಣಿಜನ್ಯ ಆಹಾರದಿಂದ ದೊರೆಯುತ್ತದೆ.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ರಕ್ತದಲ್ಲಿ ಅದನ್ನು ಸಾಗಿಸಲು ಪ್ರೋಟೀನಿನ ಹೊದಿಕೆಯುಳ್ಳ ಕಣಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಎರಡು.

ಎಲ್.ಡಿ.ಎಲ್.: ಇದು ಕೊಲೆಸ್ಟ್ರಾಲನ್ನು ದೇಹದ ವಿವಿಧ ಭಾಗಗಳಿಗೆ ಒಯ್ಯುತ್ತದೆ. ಇದರ ಪ್ರಮಾಣ ಹೆಚ್ಚಾದಲ್ಲಿ ರಕ್ತನಾಳದ ಒಳಗೋಡೆಯನ್ನು ಸೇರಿ ಅಲ್ಲಿ ಸಂಗ್ರಹವಾಗುತ್ತದೆ. ಆದ್ದರಿಂದ ಇದನ್ನು 'ಕೆಟ್ಟ ಕೊಲೆಸ್ಟ್ರಾಲ್' ಎಂದು ಕರೆಯುವುದು ವಾಡಿಕೆ.

ಎಚ್.ಡಿ.ಎಲ್.: ಇದು ಹೆಚ್ಚುವರಿ ಕೊಲೆಸ್ಟ್ರಾಲನ್ನು ಯಕೃತ್ತಿಗೆ ಹಿಂದಿರುಗಿಸುವ ಕಾರ್ಯದಲ್ಲಿ ಭಾಗವಹಿಸುತ್ತದೆ. ಇದನ್ನು 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುತ್ತಾರೆ.

ಇವುಗಳ ಜೊತೆಗೆ ಟ್ರೈಗ್ಲಿಸರೈಡ್ ಎಂಬ ಮತ್ತೊಂದು ಬಗೆಯ ಕೊಬ್ಬನ್ನೂ ಅಳೆಯಲಾಗುತ್ತದೆ. ಸಕ್ಕರೆ, ಬೆಲ್ಲ, ಮದ್ಯ ಹಾಗೂ ಅಗತ್ಯಕ್ಕೆ ಮೀರಿದ ಅನ್ನಾಹಾರದಿಂದ ಇದು ಏರುತ್ತದೆ.

ಎಲ್.ಡಿ.ಎಲ್. ಸಂಗ್ರಹವಾದ ಜಾಗದಲ್ಲಿ ರಕ್ತನಾಳದ ಗೋಡೆ ನಿಧಾನವಾಗಿ ದಪ್ಪವಾಗುತ್ತದೆ. ಒಂದು ದಿನ ಆ ಸಂಗ್ರಹದ ಮೇಲ್ಪದರ ಒಡೆದಾಗ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳವು ಮುಚ್ಚಿಹೋಗುತ್ತದೆ. ಹೃದಯದ ನಾಳದಲ್ಲಿ ಹೀಗಾದರೆ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಪಾರ್ಶ್ವವಾಯು ಸಂಭವಿಸುತ್ತದೆ.

2. ಪರೀಕ್ಷಾ ವರದಿಯನ್ನು ಓದುವ ಕ್ರಮ

ಈ ಪರೀಕ್ಷೆಗೆ 'ಲಿಪಿಡ್ ಪ್ರೊಫೈಲ್' ಎಂದು ಹೆಸರು. ವರದಿಯಲ್ಲಿನ ಅಂಕಿಗಳು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದನ್ನು ಸೂಚಿಸುತ್ತವೆ. ವಯಸ್ಕರಿಗೆ ಸಾಮಾನ್ಯವಾಗಿ ಬಳಸುವ ಮಟ್ಟಗಳು ಈ ಕೆಳಕಂಡಂತಿವೆ.

ಒಟ್ಟು ಕೊಲೆಸ್ಟ್ರಾಲ್: 200ಕ್ಕಿಂತ ಕಡಿಮೆ – ಅಪೇಕ್ಷಣೀಯ, 200 ರಿಂದ 239 – ಗಡಿಮಟ್ಟ, 240 ಮತ್ತು ಮೇಲ್ಪಟ್ಟು – ಅಧಿಕ.
ಎಲ್.ಡಿ.ಎಲ್.: 100ಕ್ಕಿಂತ ಕಡಿಮೆ – ಉತ್ತಮ, 130 ರಿಂದ 159 – ಗಡಿಮಟ್ಟ, 160 ರಿಂದ 189 – ಅಧಿಕ, 190 ಮತ್ತು ಮೇಲ್ಪಟ್ಟು – ಅತ್ಯಧಿಕ.
ಎಚ್.ಡಿ.ಎಲ್.: ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ ಇದ್ದಲ್ಲಿ ಕೊರತೆ.
ಟ್ರೈಗ್ಲಿಸರೈಡ್: 150ಕ್ಕಿಂತ ಕಡಿಮೆ – ಸಾಮಾನ್ಯ; 200 ರಿಂದ 499 – ಅಧಿಕ; 500 ಮತ್ತು ಮೇಲ್ಪಟ್ಟು – ಅತ್ಯಧಿಕ.

ಅನೇಕ ಪ್ರಯೋಗಾಲಯಗಳಲ್ಲಿ ಎಲ್.ಡಿ.ಎಲ್. ಅನ್ನು ನೇರವಾಗಿ ಅಳೆಯದೆ ಲೆಕ್ಕದ ಮೂಲಕ ಪಡೆಯಲಾಗುತ್ತದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್.ಡಿ.ಎಲ್. ಅನ್ನು ಮತ್ತು ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನು ಕಳೆಯಬೇಕು. ಉದಾಹರಣೆಗೆ, ಒಟ್ಟು 228, ಎಚ್.ಡಿ.ಎಲ್. 38, ಟ್ರೈಗ್ಲಿಸರೈಡ್ 180 ಇದ್ದಲ್ಲಿ ಎಲ್.ಡಿ.ಎಲ್. 154 ಆಗುತ್ತದೆ. ಇಲ್ಲಿ 'ಒಟ್ಟು' ಗಡಿಮಟ್ಟದಲ್ಲಿದ್ದು ಅಷ್ಟೇನೂ ಹೆಚ್ಚಲ್ಲವೆಂದು ತೋರಿದರೂ, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಹಾಗೂ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚು ಇರುವುದನ್ನು ಗಮನಿಸಬೇಕು. ಆದ್ದರಿಂದ ಒಟ್ಟು ಅಂಕಿಯೊಂದನ್ನೇ ನೋಡಿ ಸಮಾಧಾನಪಡುವುದು ಸರಿಯಲ್ಲ. ಟ್ರೈಗ್ಲಿಸರೈಡ್ 400ಕ್ಕಿಂತ ಹೆಚ್ಚಿರುವಾಗ ಈ ಲೆಕ್ಕವು ಅನ್ವಯಿಸುವುದಿಲ್ಲ.

ಮೇಲಿನ ಮಟ್ಟಗಳು ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಅಪಾಯ ಕಡಿಮೆ ಇರುವವರಲ್ಲಿ ಎಲ್.ಡಿ.ಎಲ್. 100ಕ್ಕಿಂತ, ಹೆಚ್ಚಿನ ಅಪಾಯವಿರುವವರಲ್ಲಿ 70ಕ್ಕಿಂತ ಮತ್ತು ಈಗಾಗಲೇ ಹೃದಯಾಘಾತವಾದವರನ್ನೊಳಗೊಂಡಂತೆ ಅತ್ಯಧಿಕ ಅಪಾಯವಿರುವವರಲ್ಲಿ 55ಕ್ಕಿಂತ ಕಡಿಮೆ ಇರಬೇಕು. ಯಾವ ವರ್ಗಕ್ಕೆ ತಾವು ಸೇರಿದ್ದೀರಿ ಎಂಬುದನ್ನು ವೈದ್ಯಾಧಿಕಾರಿಗಳು ವಯಸ್ಸು, ರಕ್ತದೊತ್ತಡ, ಮಧುಮೇಹ, ತಂಬಾಕು ಬಳಕೆ ಹಾಗೂ ಕುಟುಂಬದ ಇತಿಹಾಸವನ್ನು ಪರಿಗಣಿಸಿ ನಿರ್ಧರಿಸುತ್ತಾರೆ.

3. ಅಧಿಕ ಕೊಲೆಸ್ಟ್ರಾಲಿಗೆ ಕಾರಣಗಳು

ಕಾರಣವು ಒಂದೇ ಆಗಿರುವುದು ವಿರಳ. ಸಾಮಾನ್ಯವಾಗಿ ಈ ಕೆಳಗಿನ ಕಾರಣಗಳಲ್ಲಿ ಎರಡು ಮೂರು ಕೂಡಿರುತ್ತವೆ.

(ಅ) ಆನುವಂಶಿಕ ಕಾರಣ

ಯಕೃತ್ತಿನ ಮೇಲಿರುವ ವಿಶೇಷ ಗ್ರಾಹಕಗಳು ರಕ್ತದಿಂದ ಎಲ್.ಡಿ.ಎಲ್. ಅನ್ನು ಹಿಡಿದು ಹೊರತೆಗೆಯುತ್ತವೆ. ಇದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. ಕೆಲವರಲ್ಲಿ ಈ ಗ್ರಾಹಕಗಳು ಹುಟ್ಟಿನಿಂದಲೇ ದೋಷಪೂರಿತವಾಗಿರುತ್ತವೆ. ಅಂತಹವರು ಎಷ್ಟೇ ಮಿತಾಹಾರಿಗಳಾದರೂ ಎಲ್.ಡಿ.ಎಲ್. 190ನ್ನು ಮೀರಬಹುದು. ಜಗತ್ತಿನಲ್ಲಿ ಸುಮಾರು 250 ರಿಂದ 300 ಜನರಿಗೆ ಒಬ್ಬರಂತೆ ಈ ದೋಷ ಕಂಡುಬರುತ್ತದೆ.

ತಂದೆ ಅಥವಾ ತಾಯಿಗೆ ಈ ದೋಷವಿದ್ದಲ್ಲಿ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಇಬ್ಬರಿಗೂ ಇದ್ದಲ್ಲಿ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎರಡೂ ಕಡೆಯಿಂದ ದೋಷ ಬರುವ ಸಂಭವವಿದ್ದು, ಅಂತಹ ಮಕ್ಕಳಿಗೆ ಬಾಲ್ಯದಲ್ಲಿಯೇ ಹೃದ್ರೋಗ ಉಂಟಾಗಬಹುದು. ರಕ್ತಸಂಬಂಧದ ವಿವಾಹಗಳಲ್ಲಿ ಈ ಸಂಭವ ಹೆಚ್ಚು. ಕಣ್ಣಿನ ರೆಪ್ಪೆಯ ಬಳಿ ಹಳದಿ ಗಂಟು, ಹಿಮ್ಮಡಿಯ ಸ್ನಾಯುರಜ್ಜು ದಪ್ಪಗಾಗುವುದು, 45 ವರ್ಷದೊಳಗೆ ಕಣ್ಣಿನ ಕಪ್ಪುಭಾಗದ ಸುತ್ತ ಬಿಳಿ ಉಂಗುರ ಕಾಣುವುದು ಇದರ ಚಿಹ್ನೆಗಳಾಗಿರಬಹುದು. ಮನೆಯಲ್ಲಿ ತಂದೆ ಅಥವಾ ಸಹೋದರರಿಗೆ 55 ವರ್ಷದೊಳಗೆ, ತಾಯಿ ಅಥವಾ ಸಹೋದರಿಯರಿಗೆ 65 ವರ್ಷದೊಳಗೆ ಹೃದಯಾಘಾತವಾಗಿದ್ದಲ್ಲಿ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

(ಆ) ಆಹಾರ

ಆಹಾರದಲ್ಲಿನ ಕೊಲೆಸ್ಟ್ರಾಲಿಗಿಂತಲೂ ಪರ್ಯಾಪ್ತ ಕೊಬ್ಬು ರಕ್ತದ ಎಲ್.ಡಿ.ಎಲ್. ಅನ್ನು ಹೆಚ್ಚು ಏರಿಸುತ್ತದೆ. ತಂಪಿನಲ್ಲಿ ಗಟ್ಟಿಯಾಗುವ ಕೊಬ್ಬುಗಳಲ್ಲಿ ಇದರ ಅಂಶ ಅಧಿಕ. ಚಳಿಗಾಲದ ಬೆಳಗ್ಗೆ ಶೀಶೆಯಲ್ಲಿ ಗಟ್ಟಿಯಾಗುವ ತೆಂಗಿನೆಣ್ಣೆ ಇದಕ್ಕೆ ಸುಲಭ ಉದಾಹರಣೆ. ತೆಂಗಿನೆಣ್ಣೆಯಲ್ಲಿ ಸುಮಾರು ಶೇ. 90, ತುಪ್ಪದಲ್ಲಿ ಶೇ. 60ಕ್ಕೂ ಹೆಚ್ಚು, ತಾಳೆ ಎಣ್ಣೆಯಲ್ಲಿ ಸುಮಾರು ಶೇ. 50, ಶೇಂಗಾ ಎಣ್ಣೆಯಲ್ಲಿ ಸುಮಾರು ಶೇ. 20, ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಶೇ. 10 ರಷ್ಟು ಪರ್ಯಾಪ್ತ ಕೊಬ್ಬು ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ದಿನದ ಒಟ್ಟು ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬಿನಿಂದ ಬರಬಾರದೆಂದು ತಿಳಿಸಿದೆ. ದಿನಕ್ಕೆ 2000 ಕ್ಯಾಲೊರಿ ಸೇವಿಸುವವರಿಗೆ ಇದು ಸುಮಾರು 22 ಗ್ರಾಂ ಆಗುತ್ತದೆ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಿಂದಲೇ ಈ ಮಿತಿ ಮುಗಿಯುತ್ತದೆ. ಅದರ ಮೇಲೆ ಅನ್ನಕ್ಕೆ ತುಪ್ಪ, ಕೆನೆಹಾಲಿನ ಚಹಾ, ಕರಿದ ಸಂಡಿಗೆ, ಬೇಕರಿ ತಿನಿಸುಗಳು ಸೇರಿದಾಗ ಲೆಕ್ಕ ಎಷ್ಟಾಗುವುದೆಂದು ಪ್ರತಿಯೊಬ್ಬರೂ ಯೋಚಿಸಬಹುದು.

ಘಟ್ಟದ ಮೇಲಿನ ಅಡುಗೆಯಲ್ಲಿ ಆರೋಗ್ಯಕ್ಕೆ ಪೂರಕವಾದ ಅಂಶಗಳೂ ಸಾಕಷ್ಟಿವೆ. ಒಂದೆಲಗದ ತಂಬುಳಿ, ಬಸಳೆ, ಬಾಳೆದಿಂಡು, ಹೆಸರುಕಾಳು, ಕುಚ್ಚಲಕ್ಕಿ ಅನ್ನ, ಕರಾವಳಿಯಿಂದ ಬರುವ ಮೀನು ಇವೆಲ್ಲವೂ ಹಿತಕರ. ಬೆಣ್ಣೆ ತೆಗೆದ ಕಡೆದ ಮಜ್ಜಿಗೆಯಲ್ಲಿ ಕೊಬ್ಬು ಅತ್ಯಲ್ಪ. ಕಾಳು, ಸೊಪ್ಪು ಹಾಗೂ ಮೆಂತ್ಯದಲ್ಲಿನ ಕರಗುವ ನಾರು ಕೊಲೆಸ್ಟ್ರಾಲನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ. ಊಟದ ಕ್ರಮವನ್ನೇ ಬಿಡಬೇಕಾಗಿಲ್ಲ. ಪದಾರ್ಥಕ್ಕೆ ಹಾಕುವ ಕಾಯಿತುರಿಯನ್ನು ಕಡಿಮೆ ಮಾಡುವುದು, ತುಪ್ಪವನ್ನು ಚಮಚದಲ್ಲಿ ಅಳೆದು ಬಡಿಸುವುದು, ಕರಿದ ಪದಾರ್ಥವನ್ನು ಹಬ್ಬಕ್ಕೆ ಸೀಮಿತಗೊಳಿಸುವುದು ಸಾಧ್ಯವಿದೆ. ಆಲೆಮನೆಯ ಕಾಲದಲ್ಲಿ ಕಬ್ಬಿನಹಾಲು, ಜೋನಿಬೆಲ್ಲ, ತೊಡೆದೇವುಗಳ ಸೇವನೆ ಸಹಜವಾಗಿ ಹೆಚ್ಚುವುದರಿಂದ ಟ್ರೈಗ್ಲಿಸರೈಡ್ ಅಥವಾ ಮಧುಮೇಹವುಳ್ಳವರು ಎಚ್ಚರ ವಹಿಸಬೇಕು.

ಈ ಭಾಗದಲ್ಲಿ ಬಳಕೆಯಲ್ಲಿರುವ ಉಪ್ಪಾಗೆ ತುಪ್ಪ ಮತ್ತು ಮುರುಗಲು ತುಪ್ಪಗಳು ಬೀಜದಿಂದ ತೆಗೆದವುಗಳಾದ್ದರಿಂದ ಅವುಗಳಲ್ಲಿ ಕೊಲೆಸ್ಟ್ರಾಲ್ ಇರುವುದಿಲ್ಲ. ಮುರುಗಲು ತುಪ್ಪದಲ್ಲಿ ಅಧಿಕವಾಗಿರುವ ಸ್ಟಿಯರಿಕ್ ಆಮ್ಲವು ಇತರ ಪರ್ಯಾಪ್ತ ಕೊಬ್ಬುಗಳಷ್ಟು ಎಲ್.ಡಿ.ಎಲ್. ಅನ್ನು ಏರಿಸುವುದಿಲ್ಲ. ಆದರೂ ಇವು ಶಕ್ತಿಯಲ್ಲಿ ಯಾವುದೇ ಎಣ್ಣೆಗೆ ಸಮನಾಗಿರುವುದರಿಂದ ಮಿತವಾಗಿ ಬಳಸಬೇಕು.

ವನಸ್ಪತಿ ಹಾಗೂ ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿರುವ ಟ್ರಾನ್ಸ್ ಕೊಬ್ಬು ಅತ್ಯಂತ ಹಾನಿಕರ. ಇದು ಎಲ್.ಡಿ.ಎಲ್. ಅನ್ನು ಏರಿಸಿ ಎಚ್.ಡಿ.ಎಲ್. ಅನ್ನು ಇಳಿಸುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ಶೇ. 2ಕ್ಕೆ ಇಳಿಸಿದೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸದಿರುವ ಜವಾಬ್ದಾರಿಯು ಮನೆ ಮತ್ತು ಹೋಟೆಲುಗಳೆರಡರದ್ದೂ ಆಗಿದೆ.

(ಇ) ದೈಹಿಕ ಶ್ರಮದ ಇಳಿಕೆ

ಹಿಂದೆ ಮರ ಹತ್ತಿ ಕೊನೆ ಇಳಿಸುವುದು, ಸೊಪ್ಪಿನ ಹೊರೆ ಹೊರುವುದು, ಪೇಟೆಗೆ ನಡೆದುಹೋಗುವುದು ದಿನಚರಿಯ ಭಾಗವಾಗಿದ್ದವು. ಇಂದು ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದಾಗಿದೆ. ಮನೆಬಾಗಿಲಿಗೆ ವಾಹನ ಬರುತ್ತದೆ. ಇವು ಸ್ವಾಗತಾರ್ಹ ಅನುಕೂಲಗಳೇ ಆದರೂ, ಶ್ರಮ ಕಡಿಮೆಯಾದಂತೆ ಊಟದ ಪ್ರಮಾಣ ಕಡಿಮೆಯಾಗದಿದ್ದಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಸೇರಿ, ಟ್ರೈಗ್ಲಿಸರೈಡ್ ಏರಿ, ಎಚ್.ಡಿ.ಎಲ್. ಇಳಿಯುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಚುರುಕಾದ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ಅಗತ್ಯ.

(ಈ) ಇತರ ಕಾಯಿಲೆಗಳು ಮತ್ತು ಔಷಧಗಳು

ಥೈರಾಯ್ಡ್ ಗ್ರಂಥಿಯ ಕೊರತೆ, ನಿಯಂತ್ರಣದಲ್ಲಿರದ ಮಧುಮೇಹ, ಮೂತ್ರಪಿಂಡದ ಕೆಲವು ಕಾಯಿಲೆಗಳು ಹಾಗೂ ಪಿತ್ತನಾಳದ ತಡೆಯಿಂದ ಕೊಲೆಸ್ಟ್ರಾಲ್ ಅಥವಾ ಟ್ರೈಗ್ಲಿಸರೈಡ್ ಏರಬಹುದು. ಸ್ಟೀರಾಯ್ಡ್ ಮಾತ್ರೆಗಳ ದೀರ್ಘಕಾಲದ ಬಳಕೆಯೂ ಕಾರಣವಾಗಬಹುದು. ಮಹಿಳೆಯರಲ್ಲಿ ಮುಟ್ಟು ನಿಂತ ನಂತರ ಎಲ್.ಡಿ.ಎಲ್. ಹೆಚ್ಚುವುದು ಸಾಮಾನ್ಯ. ಮೂಲ ಕಾಯಿಲೆಗೆ ಚಿಕಿತ್ಸೆ ದೊರೆತಾಗ ಕೆಲವರಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದೆ.

(ಉ) ತಂಬಾಕು ಮತ್ತು ಮದ್ಯ

ಬೀಡಿ, ಸಿಗರೇಟು ಸೇವನೆಯು ಎಚ್.ಡಿ.ಎಲ್. ಅನ್ನು ತಗ್ಗಿಸುತ್ತದೆ ಮತ್ತು ರಕ್ತನಾಳದ ಒಳಪದರಕ್ಕೆ ಹಾನಿ ಮಾಡುತ್ತದೆ. ಕವಳದೊಂದಿಗೆ ಹಾಕುವ ತಂಬಾಕು ಹೊಗೆಯಿಲ್ಲದ್ದಾದರೂ ನಿರಪಾಯಕಾರಿಯಲ್ಲ. ಅತಿಯಾದ ಮದ್ಯಸೇವನೆಯಿಂದ ಟ್ರೈಗ್ಲಿಸರೈಡ್ ತೀವ್ರವಾಗಿ ಏರಿ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು.

4. ಯಾರು, ಯಾವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು?

ಹೃದಯಾಘಾತದ ಬಗ್ಗೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಆಧಾರದ ಮೇಲೆ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತದ ಮಧ್ಯಕ ವಯಸ್ಸು ಸುಮಾರು 53 ಆಗಿದ್ದು, ಇತರ ದೇಶದವರಲ್ಲಿ ಸುಮಾರು 59 ಆಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು (2023) ದೇಶದ ವಯಸ್ಕರಲ್ಲಿ ಶೇ. 24 ರಷ್ಟು ಜನರಲ್ಲಿ ಅಧಿಕ ಕೊಲೆಸ್ಟ್ರಾಲ್ ಇರುವುದನ್ನು ಮತ್ತು ಶೇ. 81 ರಷ್ಟು ಜನರಲ್ಲಿ ರಕ್ತದ ಕೊಬ್ಬಿನ ಯಾವುದಾದರೊಂದು ಅಸಮತೋಲನ ಇರುವುದನ್ನು ತೋರಿಸಿದೆ. ಆದ್ದರಿಂದ ವಯಸ್ಸಾದ ಮೇಲೆ ನೋಡೋಣ ಎಂದು ಮುಂದೂಡುವುದು ಸಲ್ಲದು.

2024ರ ಮಾರ್ಗಸೂಚಿಯು ಮೊದಲ ಪರೀಕ್ಷೆಯನ್ನು 18 ವರ್ಷ ವಯಸ್ಸಿನಲ್ಲಿ ಮಾಡಿಸುವಂತೆ ಸಲಹೆ ಮಾಡಿದೆ. ಕುಟುಂಬದಲ್ಲಿ ಆನುವಂಶಿಕ ದೋಷವಿದ್ದಲ್ಲಿ ಅದಕ್ಕೂ ಮೊದಲೇ ಪರೀಕ್ಷಿಸಬೇಕು. ಮಧುಮೇಹ, ರಕ್ತದೊತ್ತಡ, ಥೈರಾಯ್ಡ್ ಅಥವಾ ಮೂತ್ರಪಿಂಡದ ಕಾಯಿಲೆ ಉಳ್ಳವರು ಹಾಗೂ ತಂಬಾಕು ಬಳಸುವವರು ತಡಮಾಡಬಾರದು.

ಸಾಮಾನ್ಯ ತಪಾಸಣೆಗೆ ಉಪವಾಸ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ ಬಹಳ ಹೆಚ್ಚಿರುವುದು ಕಂಡುಬಂದಲ್ಲಿ ಮಾತ್ರ ಉಪವಾಸದಲ್ಲಿದ್ದು ಪುನಃ ಪರೀಕ್ಷಿಸಬೇಕಾಗುತ್ತದೆ. ದೂರದ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವವರು, ವಿಶೇಷವಾಗಿ ಮಧುಮೇಹಿಗಳು, ಈ ಅಂಶವನ್ನು ಗಮನಿಸುವುದು.

5. ಚಿಕಿತ್ಸೆ

ಅಪಾಯ ಕಡಿಮೆ ಇರುವವರಲ್ಲಿ ಮೊದಲು ಆಹಾರ ಮತ್ತು ವ್ಯಾಯಾಮದ ಮೂಲಕ ಪ್ರಯತ್ನಿಸಲಾಗುತ್ತದೆ. ಅಪಾಯ ಹೆಚ್ಚಿರುವವರಿಗೆ 'ಸ್ಟ್ಯಾಟಿನ್' ವರ್ಗದ ಮಾತ್ರೆಗಳನ್ನು (ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮುಂತಾದವು) ನೀಡಲಾಗುತ್ತದೆ. ಇವು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತವೆ. ಎಲ್.ಡಿ.ಎಲ್. ಸುಮಾರು 39 ಮಿ.ಗ್ರಾಂ ಇಳಿದಾಗ ಹೃದಯಾಘಾತ, ಪಾರ್ಶ್ವವಾಯುಗಳಂತಹ ಘಟನೆಗಳು ಐದನೆಯ ಒಂದು ಭಾಗದಷ್ಟು ಕಡಿಮೆಯಾಗುವುದು ಅನೇಕ ದೊಡ್ಡ ಅಧ್ಯಯನಗಳಿಂದ ದೃಢಪಟ್ಟಿದೆ. ಮಾತ್ರೆ ಆರಂಭಿಸಿದ 4 ರಿಂದ 12 ವಾರಗಳಲ್ಲಿ ಮರುಪರೀಕ್ಷೆ ಮಾಡಿಸಬೇಕು.

ವರದಿ ಸರಿಯಾಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ವರದಿ ಸರಿಯಾಗಿರುವುದು ಮಾತ್ರೆಯ ಫಲ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ತೀವ್ರ ಸ್ನಾಯುನೋವು ಅಥವಾ ಮೂತ್ರದ ಬಣ್ಣ ಗಾಢವಾಗುವುದು ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಹಾಗೂ ಗರ್ಭಧಾರಣೆಯ ಉದ್ದೇಶವುಳ್ಳವರು ಮೊದಲೇ ವೈದ್ಯರ ಗಮನಕ್ಕೆ ತರತಕ್ಕದ್ದು.

6. ಸೇವೆ ಪಡೆಯುವ ವಿಧಾನ

ಮೊದಲ ಹಂತ: 30 ವರ್ಷ ಮೇಲ್ಪಟ್ಟವರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಮಾಡಿಸಿಕೊಳ್ಳುವುದು. ಇದು ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿದೆ.

ಎರಡನೆಯ ಹಂತ: ವೈದ್ಯಾಧಿಕಾರಿಗಳು ಸೂಚಿಸಿದಲ್ಲಿ ಲಿಪಿಡ್ ಪರೀಕ್ಷೆಗಾಗಿ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಅಥವಾ ಸಿದ್ದಾಪುರ, ಯಲ್ಲಾಪುರಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸುವುದು. ಪರೀಕ್ಷೆಯ ದಿನ ಮತ್ತು ವೇಳೆಯನ್ನು ಮುಂಚಿತವಾಗಿ ಕೇಳಿ ತಿಳಿದುಕೊಂಡು ಬಂದಲ್ಲಿ ಅನಾವಶ್ಯಕ ಪ್ರಯಾಣ ತಪ್ಪುತ್ತದೆ.

ತರಬೇಕಾದ ದಾಖಲೆಗಳು: ಆಧಾರ್ ಚೀಟಿ, ಪಡಿತರ ಚೀಟಿ, ಹಿಂದಿನ ಪರೀಕ್ಷಾ ವರದಿಗಳು, ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿ (ನಾಟಿ ಔಷಧವೂ ಸೇರಿದಂತೆ).

ಮೂರನೆಯ ಹಂತ: ಹೃದ್ರೋಗ ಕಂಡುಬಂದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಹಾಗೂ ಎ.ಪಿ.ಎಲ್. ಕುಟುಂಬಗಳಿಗೆ ವೆಚ್ಚದ ಶೇ. 30 ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ, ನೆರವು ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದಲೇ ಶಿಫಾರಸು ಪತ್ರ ಪಡೆಯಬೇಕು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರ ಬೇಕಾಗಿಲ್ಲ. ಸಹಕಾರ ಸಂಘಗಳ ಸದಸ್ಯರು 2022-23ರಲ್ಲಿ ಪುನರಾರಂಭಗೊಂಡ ಯಶಸ್ವಿನಿ ಯೋಜನೆಯ ನೋಂದಣಿಯ ಬಗ್ಗೆ ತಮ್ಮ ಸಂಘದಲ್ಲಿ ವಿಚಾರಿಸಬಹುದು.

7. ತುರ್ತು ಸಂದರ್ಭದಲ್ಲಿ

ಎದೆಯ ಮಧ್ಯದಲ್ಲಿ ಒತ್ತಿದಂತಹ ನೋವು, ಅದು ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ ವಾಯುವೆಂದು ಭಾವಿಸಿ ಕಷಾಯ ಕುಡಿದು ಕಾಯಬಾರದು. ಮಹಿಳೆಯರು ಮತ್ತು ಮಧುಮೇಹಿಗಳಲ್ಲಿ ನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಸೌಲಭ್ಯವಿರುವ ಸಮೀಪದ ಆಸ್ಪತ್ರೆಗೆ ತಲುಪಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಗುರುತಿಸಲಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ.ಯನ್ನು ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ದೂರದ ನಗರಕ್ಕೆ ಹೊರಡುವ ಮೊದಲು ಈ ಚಿಕಿತ್ಸೆ ದೊರೆತಲ್ಲಿ ಹೃದಯದ ಸ್ನಾಯು ಉಳಿಯುವ ಸಾಧ್ಯತೆ ಹೆಚ್ಚು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತೆಳ್ಳಗಿರುವವರಿಗೂ ಕೊಲೆಸ್ಟ್ರಾಲ್ ಬರುತ್ತದೆಯೇ?
ಉತ್ತರ: ಹೌದು. ಆನುವಂಶಿಕ ಕಾರಣವಿದ್ದಲ್ಲಿ ಮೈಕಟ್ಟಿಗೂ ಕೊಲೆಸ್ಟ್ರಾಲಿಗೂ ಸಂಬಂಧವಿರುವುದಿಲ್ಲ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಭಯವಿಲ್ಲವಲ್ಲವೇ?
ಉತ್ತರ: ಹಾಗೆ ಹೇಳಲಾಗದು. ತುಪ್ಪ, ಕೆನೆ, ತೆಂಗಿನೆಣ್ಣೆ ಹಾಗೂ ಕರಿದ ತಿನಿಸುಗಳು ಸಸ್ಯಾಹಾರವೇ ಆಗಿದ್ದರೂ ಎಲ್.ಡಿ.ಎಲ್. ಅನ್ನು ಏರಿಸುತ್ತವೆ.

ಪ್ರಶ್ನೆ: ಎಣ್ಣೆಯ ಡಬ್ಬದ ಮೇಲೆ 'ಕೊಲೆಸ್ಟ್ರಾಲ್ ರಹಿತ' ಎಂದಿದ್ದರೆ ಎಷ್ಟಾದರೂ ಬಳಸಬಹುದೇ?
ಉತ್ತರ: ಬಳಸಬಾರದು. ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಗಣನೀಯ ಕೊಲೆಸ್ಟ್ರಾಲ್ ಇರುವುದಿಲ್ಲ. ಪರ್ಯಾಪ್ತ ಕೊಬ್ಬಿನ ಪ್ರಮಾಣವನ್ನು ನೋಡಬೇಕು.

ಪ್ರಶ್ನೆ: ಉಪ್ಪಾಗೆ ಸಾರದ ಮಾತ್ರೆಗಳಿಂದ ಕೊಬ್ಬು ಕರಗುವುದೇ?
ಉತ್ತರ: ಸಾರಿಗೆ ಹಾಕುವ ಉಪ್ಪಾಗೆ ಸಿಪ್ಪೆ ಬೇರೆ, ಸಾರೀಕರಿಸಿದ ಮಾತ್ರೆ ಬೇರೆ. ಅಂತಹ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಪ್ರಶ್ನೆ: ಮಾತ್ರೆಗಳ ವೆಚ್ಚ ಭರಿಸಲಾಗದಿದ್ದರೆ?
ಉತ್ತರ: ಸರ್ಕಾರಿ ಆಸ್ಪತ್ರೆಯ ಔಷಧ ವಿತರಣಾ ವಿಭಾಗದಲ್ಲಿ ವಿಚಾರಿಸುವುದು. ಜನೌಷಧಿ ಕೇಂದ್ರಗಳಲ್ಲಿ ಸ್ಟ್ಯಾಟಿನ್ ಮಾತ್ರೆಗಳು ಕಡಿಮೆ ದರದಲ್ಲಿ ದೊರೆಯುತ್ತವೆ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಪರೀಕ್ಷೆಗೆ ಪರ್ಯಾಯವಲ್ಲ. ಪ್ರತಿ ಕುಟುಂಬದ ಹಿರಿಯರು ಮನೆಯ ಎಲ್ಲ ವಯಸ್ಕರ ವರದಿಗಳನ್ನು ದಿನಾಂಕದೊಂದಿಗೆ ಒಂದು ಕಡತದಲ್ಲಿ ಇಟ್ಟುಕೊಳ್ಳುವುದು ಮತ್ತು ಆಸ್ಪತ್ರೆಗೆ ಬರುವಾಗ ಅದನ್ನು ತರುವುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.